ಕೈಯೆತ್ತಿದವನೇ ಖಜಾಂಚಿ

ನಮ್ಮ ವೈದ್ಯರ ಸಂಘದ ಮೊದಲ ರಾಷ್ಟ್ರೀಯ ಸಮ್ಮೇಳನ ಶಿವಮೊಗ್ಗದಲ್ಲೇ ಆಗಲಿ ಅಂತ ಜೋರಾಗಿ ಕೈಯೆತ್ತಿದವನು ನಾನೇ. ಈಗ ಖಜಾಂಚಿಯೂ ನಾನೇ, ಅನುಭವಿಸಬೇಕು! ಪ್ರಾಯೋಜಕರೊಬ್ಬರು ಎರಡು ಲಕ್ಷ ಅಂದಿದ್ದರು; ಮೇಲೆ 18% ಜಿಎಸ್‌ಟಿ ಅಂದಕೂಡಲೇ ಫೋನ್ ಎತ್ತುವುದನ್ನೇ ಬಿಟ್ಟರು. ಹಾಲ್‌ಗೆ ಮುಂಗಡ ಕೊಟ್ಟಿದ್ದು ಅಡಿಕೆ ದುಡ್ಡಲ್ಲಿ. ಮನೆಯಲ್ಲಿ ಇನ್ನೂ ಹೇಳಿಲ್ಲ. (ಇವಳು ಫೇಸ್‌ಬುಕ್ ನೋಡಲ್ಲ, ಸದ್ಯ.)

ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿ, ಮೊಬೈಲ್ ಬೆಳಕಲ್ಲಿ ರಸೀದಿ ಎಣಿಸುತ್ತಾ ಕೂತಿದ್ದೆ. ಸಾಗರದ ಹಿರಿಯ ಡಾಕ್ಟ್ರೊಬ್ಬರ ಫೋನ್: "ಮಂಗನ ಕಾಯಿಲೆಗೆ ಒಂದು ಗೋಷ್ಠಿ ಇಡ್ರಪ್ಪಾ. 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಲ್ಲೇ ಅಲ್ವಾ? ಅದರ ಖರ್ಚು ನಂದು."

ಶಿವಮೊಗ್ಗನೇ ಯಾಕೆ ಅಂದವರಿಗೆಲ್ಲ ನಾನು ಜೋಗ, ಆಗುಂಬೆ ಅಂತ ಹೇಳ್ಕೊಂಡು ತಿರುಗ್ತಿದ್ದೆ. ಇದು ಹೊಳೆದೇ ಇರಲಿಲ್ಲ ನೋಡಿ.