ಮಂಟಪ ಬರುತ್ತದೆ, ಕೂತುಕೋ

ಈ ಜುಲೈಯಲ್ಲಿ ಮಳೆ ತುಸು ಹೊಳವಾದ ಒಂದು ಮಧ್ಯಾಹ್ನ ಬೀರು ತೆರೆದು ನೋಡಿದರೆ, ಸೀರೆಗಳ ಹಿಂದೆ ಇಟ್ಟಿದ್ದ ಎರಡು ಬಿಳಿಯ ಮುಖವಾಡಗಳಿಗೂ ಬೂಷ್ಟು ಹಿಡಿದಿತ್ತು. ಮಡಿಕೇರಿಯ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಬರುವುದು ಹೊಸದೇನಲ್ಲ, ಪ್ಲಾಸ್ಟಿಕ್ಕಿಗೂ ಬರುತ್ತದೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಹೊರಮೈ ಶುಭ್ರವಾಗಿಯೇ ಇತ್ತು; ಒಳಬದಿಯಲ್ಲಿ, ಹಣೆಯೂ ಮೂಗಿನ ಏಣೂ ತಾಗುವಲ್ಲಿ, ಹಸಿರು ಬೂದು ಬಣ್ಣದ ಚುಕ್ಕಿಗಳು ಎದ್ದಿದ್ದವು. ಆರು ವರ್ಷಗಳ ಅಂತರದ ಎರಡು ರಾತ್ರಿಗಳಲ್ಲಿ ನನ್ನ ಬೆವರು ಎಲ್ಲೆಲ್ಲಿ ಇಳಿದಿತ್ತೋ ಅಲ್ಲಲ್ಲಿಯೇ ಬೂಷ್ಟು ನಕ್ಷೆ ಬರೆದಂತೆ ಬೆಳೆದಿತ್ತು.

ಅವು ನ್ಯೂಯಾರ್ಕಿನ ‘ಸ್ಲೀಪ್ ನೋ ಮೋರ್’ ಎಂಬ ನಾಟಕದ ಮುಖವಾಡಗಳು. ನಟರು ತೊಡುವವಲ್ಲ, ಪ್ರೇಕ್ಷಕರು ತೊಡುವಂಥವು. ಇಂಗ್ಲೆಂಡಿನ ಪಂಚ್‌ಡ್ರಂಕ್ ಎಂಬ ತಂಡ ಇದನ್ನು ಮೊದಲು 2003ರಲ್ಲಿ ಲಂಡನ್ನಿನಲ್ಲಿ ಆಡಿತು. 2009ರಲ್ಲಿ ಬಾಸ್ಟನ್ ಬಳಿ, 2011ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಚೆಲ್ಸಿ ಬಡಾವಣೆಯ ಹಳೆಯ ಗೋದಾಮುಗಳಲ್ಲಿ ನೆಲೆಯೂರಿತು. ಕೆಲವೇ ವಾರಗಳಿಗೆಂದು ಶುರುವಾದ ಆಟ, ಕೋವಿಡ್ ಕಾಲದ ಬಿಡುವನ್ನು ಕಳೆದು ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ನಡೆದು, 2025ರ ಜನವರಿಯಲ್ಲಿ ಮುಗಿಯಿತು. ಮಗ ನ್ಯೂಜೆರ್ಸಿಯಲ್ಲಿರುವುದರಿಂದ ನಾನು ಅದನ್ನು 2017ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ನೋಡಿದೆ. ಟಿಕೆಟ್ಟಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಬಾರದೆಂದು ಮಗ ಎಚ್ಚರಿಸಿದ್ದರೂ ನೋಡಿದೆ. ಪಿಂಚಣಿದಾರಳಾದ ಕನ್ನಡ ಅಧ್ಯಾಪಕಿಯೊಬ್ಬಳು ಅದನ್ನು ನೋಡದೆ ಇರುವುದು ಸಾಧ್ಯವಿರಲಿಲ್ಲ.

ನಾಟಕದ ಬೀಜ ಶೇಕ್ಸ್‌ಪಿಯರನ ಮ್ಯಾಕ್‌ಬೆತ್. ಮಲಗಿದ್ದ ಅರಸನನ್ನು ಕೊಂದು ಬಂದವನಿಗೆ, ಇನ್ನು ನಿನಗೆ ನಿದ್ರೆಯಿಲ್ಲವೆಂದು ಕೂಗಿದ ದನಿಯೊಂದು ಕೇಳಿಸುತ್ತದಷ್ಟೆ. ಹೆಸರು ಅಲ್ಲಿಂದ ಬಂದದ್ದು. ಶ್ರೀಕಂಠೇಶಗೌಡರು ‘ಪ್ರತಾಪರುದ್ರದೇವ’ನನ್ನಾಗಿ ಕನ್ನಡಕ್ಕೆ ತಂದ, ಡಿ.ವಿ.ಜಿ.ಯವರೂ ಕನ್ನಡಿಸಿದ ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ವಿವರಿಸಿದ್ದೆನಾದ್ದರಿಂದ, ನನಗೆ ಗೊತ್ತಿಲ್ಲದ್ದೇನೂ ಅಲ್ಲಿರಲಾರದೆಂಬ ಸಣ್ಣ ಜಂಬವೂ ನನ್ನ ಜೊತೆಗೇ ವಿಮಾನ ಹತ್ತಿತ್ತು. ಅಲ್ಲಿ ನೋಡಿದರೆ ಮಾತೇ ಇಲ್ಲ. 1930ರ ದಶಕದ ಹೋಟೆಲೊಂದರ ಸೋಗು ಹಾಕಿದ ಹಲವು ಮಹಡಿಗಳ ಕಟ್ಟಡದ ತುಂಬ ನೂರರಷ್ಟು ಕೋಣೆಗಳು. ಅವುಗಳಲ್ಲಿ ಪಾತ್ರಧಾರಿಗಳು ಬಹುತೇಕ ಮೌನವಾಗಿ, ನೃತ್ಯಕ್ಕೂ ಜಗಳಕ್ಕೂ ನಡುವಿನ ಒಂದು ಚಲನೆಯಲ್ಲಿ, ಏಕಕಾಲಕ್ಕೆ ಬೇರೆ ಬೇರೆ ಕಡೆ ಕಥೆಯನ್ನು ನಡೆಸುತ್ತಿರುತ್ತಾರೆ. ನೋಡುವವರು ಬಾಯಿ ತೆರೆಯುವಂತಿಲ್ಲ, ಮುಖವಾಡ ತೆಗೆಯುವಂತಿಲ್ಲ, ಫೋನ್ ಹೊರಗೆಳೆಯುವಂತಿಲ್ಲ. ಮೇಜಿನ ಡ್ರಾಯರ್ ಎಳೆಯಬಹುದು, ಅದರೊಳಗಿನ ಕಾಗದ ಓದಬಹುದು, ಯಾರ ಹಿಂದೆ ಬೇಕಾದರೂ ಹೋಗಬಹುದು. ಸುಮಾರು ಒಂದು ಗಂಟೆಗೆ ಕಥೆ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬರುತ್ತದೆ, ಒಂದು ಸಂಜೆಗೆ ಮೂರು ಸುತ್ತು. ಅಂದರೆ ಡಂಕನ್ ಅರಸ ಒಂದೇ ಸಂಜೆ ಮೂರು ಸಲ ಸಾಯಬೇಕು.

ಇದಕ್ಕೆ ಇಮ್ಮರ್ಸಿವ್ ಥಿಯೇಟರ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ಯೋಚಿಸಿ ಸೋತಿದ್ದೇನೆ. ‘ತಲ್ಲೀನ ರಂಗಭೂಮಿ’ ಎಂದರೆ ಬಾಕಿ ನಾಟಕಗಳಲ್ಲಿ ನಾವು ತೂಕಡಿಸುತ್ತಿದ್ದೆವೆಂಬ ಅರ್ಥ ಬಂದೀತು. ಮೈಸೂರಿನ ರಂಗಾಯಣದ ಅಂಗಳದಲ್ಲಿ 2010ರಲ್ಲಿ ಸಿ. ಬಸವಲಿಂಗಯ್ಯನವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿಸಿದಾಗ ನಾವೆಲ್ಲ ಚಾಪೆ ಕಂಬಳಿ ಹೊತ್ತು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆದವರೇ. ಆದರೆ ಅಲ್ಲಿ ಎಲ್ಲರೂ ಒಟ್ಟಿಗೆ ಏಳುತ್ತಿದ್ದೆವು, ಒಟ್ಟಿಗೆ ಕೂರುತ್ತಿದ್ದೆವು, ಮುಂದೆ ಎಲ್ಲಿಗೆ ಎಂಬುದನ್ನು ನಾಟಕ ನಿರ್ಧರಿಸುತ್ತಿತ್ತು. ಇಲ್ಲಿ ಅದನ್ನು ನನ್ನ ಕಾಲುಗಳು ನಿರ್ಧರಿಸಬೇಕಾಗಿತ್ತು, ಮತ್ತು ಮೊದಲ ಸಲ ಅವು ತಪ್ಪು ನಿರ್ಧಾರಗಳನ್ನೇ ಮಾಡಿದವು.

ಕತ್ತಲೆಯ ಓಣಿಯೊಂದರಲ್ಲಿ ತಡವರಿಸಿ ಹೋದರೆ ಹಳೆಯ ಕಾಲದ ಬಾರು. ಕೈಯಲ್ಲಿ ಕೊಟ್ಟ ಇಸ್ಪೀಟೆಲೆಯ ಅಂಕೆ ಕರೆದಾಗ ಮುಖವಾಡ ತೊಟ್ಟು ಲಿಫ್ಟು ಹತ್ತಬೇಕು. ಲಿಫ್ಟಿನವನು ಒಂದು ಮಹಡಿಯಲ್ಲಿ ಬಾಗಿಲು ತೆರೆದು, ಮುಂದೆ ನಿಂತಿದ್ದ ನಾನು ಹೊರಗೆ ಕಾಲಿಟ್ಟೊಡನೆ, ಹಿಂದೆ ಬರುತ್ತಿದ್ದ ಮಗನಿಗೆ ಕೈ ಅಡ್ಡ ಹಿಡಿದು ಬಾಗಿಲು ಮುಚ್ಚಿಬಿಟ್ಟ. ಇದು ಅವರ ಉದ್ದೇಶಪೂರ್ವಕ ಕ್ರಮವೆಂದು ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ಮಾತ್ರ, ಸಂತೆಯಲ್ಲಿ ಕೈತಪ್ಪಿದ ಮಗುವಿಗೆ ಏನಾಗುತ್ತದೆಂಬುದು ಅರುವತ್ತು ದಾಟಿದ ಮೇಲೆ ನನಗೆ ಅರ್ಥವಾಯಿತು. ಅದರ ಮೇಲೆ, ಕನ್ನಡಕದ ಮೇಲೆ ಮುಖವಾಡ ಕಟ್ಟಿಕೊಂಡಿದ್ದರಿಂದ ಉಸಿರಿಗೆ ಗಾಜು ಮಸುಕಾಗುತ್ತಿತ್ತು. ಸಾವಿರಾರು ಮೈಲಿ ದೂರ ಹೋಗಿಯೂ ಮಡಿಕೇರಿಯ ಮಂಜನ್ನು ಕಣ್ಣಿಗೇ ಕಟ್ಟಿಕೊಂಡಂತಾಗಿತ್ತು.

ಗಾಬರಿಯಾದವರು ಪರಿಚಿತರನ್ನು ಹುಡುಕುತ್ತಾರೆ. ನನಗೆ ಪರಿಚಿತನಾಗಿದ್ದವನು ಮ್ಯಾಕ್‌ಬೆತ್ ಒಬ್ಬನೇ. ರಕ್ತ ಮೆತ್ತಿದ ಅವನನ್ನು ಹೆಂಡತಿ ತೊಟ್ಟಿಯಲ್ಲಿ ತೊಳೆಯುತ್ತಿದ್ದ ಕೋಣೆಗೆ ಹೇಗೋ ತಲುಪಿದೆ, ಅಲ್ಲಿಂದ ಮುಂದೆ ಅವನನ್ನು ಬಿಡಲಿಲ್ಲ. ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಓಡುತ್ತಿದ್ದ, ನಾನು ಮಂಡಿ ಹಿಡಿದುಕೊಂಡು ಹಿಂದೆ. ನನ್ನಂತೆಯೇ ಯೋಚಿಸಿದ್ದ ಐವತ್ತು ಅರುವತ್ತು ಮಂದಿ ನನಗಿಂತ ಚುರುಕಾಗಿದ್ದರು. ಆ ಸಂಜೆಯಿಂದ ನೆನಪಿನಲ್ಲಿ ಉಳಿದಿರುವುದು ಅಪರಿಚಿತರ ಬೆನ್ನುಗಳು, ಒಬ್ಬಳ ಬೆನ್ನಿನ ಮೇಲಿದ್ದ ಹಕ್ಕಿಯ ಹಚ್ಚೆ, ಮತ್ತು ಎಲ್ಲವೂ ಈಗಷ್ಟೇ ಮುಗಿಯಿತೆಂಬ ಭಾವ. ನಾನು ಕೋಣೆಯೊಳಗೆ ಬರುವಷ್ಟರಲ್ಲಿ ಅರಸನ ಮುಖದ ಮೇಲೆ ಒತ್ತಿದ್ದ ದಿಂಬನ್ನು ಎತ್ತಿಯಾಗಿತ್ತು. ಮುಖವಾಡ ಹಾಕಿಕೊಂಡ ಸಭ್ಯರು ಮೊಣಕೈಯಿಂದ ಎಷ್ಟು ಸರಾಗವಾಗಿ ತಿವಿಯಬಲ್ಲರೆಂಬುದನ್ನೂ ಅಂದೇ ಕಂಡೆ, ಮತ್ತು ಮೂರನೆಯ ಸುತ್ತಿನ ಹೊತ್ತಿಗೆ ನಾನೂ ಒಬ್ಬರನ್ನು ತಿವಿದಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹೊರಗೆ ಬಂದ ಮೇಲೆ ಮಗ ಬೇರೆಯದೇ ನಾಟಕವೊಂದನ್ನು ವಿವರಿಸಿದ. ಎಲೆಯಿಲ್ಲದ ಮರಗಳ ನಡುವೆ ದಾರಿ ತಪ್ಪಿಸುವ ಕಾಡು, ಅದರೊಳಗೊಂದು ಗುಡಿಸಲು, ಸಾಲು ಮಂಚಗಳ ಆಸ್ಪತ್ರೆ. ಕೆಲವೊಮ್ಮೆ ಪಾತ್ರಧಾರಿಯೊಬ್ಬರು ಒಬ್ಬನೇ ಪ್ರೇಕ್ಷಕನನ್ನು ಕೈಹಿಡಿದು ಕೋಣೆಯೊಳಗೆ ಕರೆದೊಯ್ದು, ಬಾಗಿಲು ಹಾಕಿ, ಅವನ ಮುಖವಾಡ ತೆಗೆದು ಅವನಿಗಾಗಿಯೇ ಆಡುತ್ತಿದ್ದುದುಂಟು. ಇದಕ್ಕಾಗಿಯೇ ಹತ್ತಾರು ಸಲ ಟಿಕೆಟ್ ಕೊಳ್ಳುವ ಅಭಿಮಾನಿಗಳಿದ್ದರು. ಆ ಭಾಗ್ಯ ಮೊದಲ ಸಲವೇ ಅವನಿಗೆ ಸಿಕ್ಕಿತ್ತು. ಒಳಗೆ ಏನಾಯಿತೆಂದು ಇಂದಿಗೂ ಅವನು ಪೂರ್ತಿ ಹೇಳಿಲ್ಲ. ರೈಲಿನಲ್ಲಿ ನಾನು ಸ್ವಲ್ಪ ಮುನಿಸಿಕೊಂಡೇ ಕುಳಿತಿದ್ದೆ.

ಆ ಮುನಿಸಿನಲ್ಲಿ ನೆನಪಾದದ್ದು ಅಮ್ಮ. ನಮ್ಮೂರಿನ ದಸರೆಯಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ಪುರಾಣದ ಕಥೆಗಳು, ಮೋಟಾರಿನಿಂದ ಆಡುವ ಆಳೆತ್ತರದ ಬೊಂಬೆಗಳು, ಹೊಗೆ, ಬೆಳಕು, ಕಿವಿ ಕಿತ್ತುಹೋಗುವಂಥ ಶಬ್ದ. ಒಂದೊಂದು ಮಂಟಪವೂ ನಿಂತಲ್ಲಿ ಕಥೆಯನ್ನು ಆಡಿ ತೋರಿಸಿ, ಮುಂದೆ ಹೋಗಿ ಅದನ್ನೇ ಮತ್ತೆ ಆಡುತ್ತದೆ. ನಾವು ಮಕ್ಕಳು ಚೌಕಿಯಿಂದ ಕೋಟೆಯತ್ತ, ಕೋಟೆಯಿಂದ ಮತ್ತೆ ಕೆಳಕ್ಕೆ, ಎಲ್ಲವನ್ನೂ ನೋಡಲೇಬೇಕೆಂದು ಜನರ ಕಾಲಸಂದಿಯಲ್ಲಿ ನುಸುಳುತ್ತ ಓಡುತ್ತಿದ್ದೆವು. ಹೋದಲ್ಲೆಲ್ಲ ರಾಕ್ಷಸ ಆಗಲೇ ಸತ್ತಿರುತ್ತಿದ್ದ. ಅಮ್ಮ ಮಾತ್ರ ಮಹದೇವಪೇಟೆಯಲ್ಲಿ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಶಾಲು ಹೊದ್ದು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಎಳೆಯಲು ಹೋದರೆ ಒಂದೇ ಮಾತು: “ಮಂಟಪ ಬರುತ್ತದೆ, ಕೂತುಕೋ.” ಬೆಳಗಿನ ಜಾವಕ್ಕೆ ಅವಳು ನಮಗಿಂತ ಹೆಚ್ಚು ಮಂಟಪಗಳನ್ನು ನೋಡಿರುತ್ತಿದ್ದಳು. ಮಂಟಪಗಳ ನಡುವಿನ ಖಾಲಿ ಹೊತ್ತಿನಲ್ಲಿ ಯಾರ ಸೊಸೆ ಯಾರೊಡನೆ ಬಂದಳು, ಯಾವ ಮಂಟಪದ ಹುಡುಗರು ಬ್ಯಾಟರಿಗೆ ಪರದಾಡಿದರು ಎಂಬುದನ್ನೂ ನೋಡಿರುತ್ತಿದ್ದಳು.

2023ರಲ್ಲಿ ಎರಡನೆಯ ಸಲ ಹೋಗುವಾಗ ನನ್ನ ಬಳಿ ಎರಡು ಅನುಕೂಲಗಳಿದ್ದವು. ನಡುವೆ ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡಿದ್ದರಿಂದ ಕನ್ನಡಕದ ಕಾಟವಿರಲಿಲ್ಲ. ಮತ್ತು ಯಾರ ಹಿಂದೆಯೂ ಓಡಬಾರದೆಂದು ತೀರ್ಮಾನಿಸಿಯೇ ಹೋಗಿದ್ದೆ. ನೃತ್ಯಶಾಲೆಯನ್ನು ಹುಡುಕಿ, ಗೋಡೆಗೆ ಬೆನ್ನು ಕೊಟ್ಟು ನಿಂತೆ. ವಿಶಾಲವಾದ ಆ ಸಭಾಂಗಣದಲ್ಲಿ ಗಾಲಿ ಜೋಡಿಸಿದ ಪೈನ್ ಮರಗಳಿದ್ದವು, ಒಂದು ತುದಿಯಲ್ಲಿ ಎತ್ತರದ ಜಗಲಿಯ ಮೇಲೆ ಉದ್ದನೆಯ ಊಟದ ಮೇಜಿತ್ತು. ಸ್ವಲ್ಪ ಹೊತ್ತಿಗೆ ಸಂಗೀತ ಎದ್ದಿತು, ಒಬ್ಬೊಬ್ಬರಾಗಿ ಬಹುತೇಕ ಎಲ್ಲ ಪಾತ್ರಗಳೂ ಬಂದು ಕುಣಿಯತೊಡಗಿದವು. ಮೊದಲ ಸಲವೂ ಈ ನೃತ್ಯವನ್ನು ನೋಡಿದ್ದೆನಾದರೂ ಕಣ್ಣು ನಾಯಕನ ಮೇಲೆಯೇ ನೆಟ್ಟಿತ್ತು. ಈಗ ಕಂಡವಳು ಮ್ಯಾಕ್‌ಬೆತ್ತನ ವೈರಿಯ ಹೆಂಡತಿ, ಬಸುರಿಯಾದ ಲೇಡಿ ಮ್ಯಾಕ್‌ಡಫ್. ಒಂದು ಕೈ ಜೊತೆಗಾರನ ಹೆಗಲ ಮೇಲೆ, ಇನ್ನೊಂದು ಕೈ ಸಮಯ ಸಿಕ್ಕಾಗಲೆಲ್ಲ ಹೊಟ್ಟೆಯ ಮೇಲೆ. ತಿರುಗುವಾಗ ಉಳಿದವರಿಗಿಂತ ಅರೆ ಹೆಜ್ಜೆ ತಡವಾಗಿ ತಿರುಗುತ್ತಿದ್ದಳು. ಮೂಲ ನಾಟಕದಲ್ಲಿ ಅವಳಿಗೆ ಇರುವುದು ಒಂದೇ ದೃಶ್ಯ, ಅದೂ ಸಾಯುವುದಕ್ಕೆ. ತರಗತಿಯಲ್ಲಿ ಅವಳನ್ನು ನಾನು ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆ.

ನೃತ್ಯ ಮುಗಿದೊಡನೆ ಪಾತ್ರಗಳು ನಾಲ್ಕು ದಿಕ್ಕಿಗೆ ಚದುರಿದವು, ಅವುಗಳ ಹಿಂದೆ ಬಿಳಿ ಮುಖವಾಡಗಳ ಹಿಂಡುಗಳು ನುಗ್ಗಿದವು. ಅರ್ಧ ನಿಮಿಷದಲ್ಲಿ ಸಭಾಂಗಣ ಬರಿದಾಯಿತು. ನಾನು, ಮರಗಳು, ಮತ್ತು ದೂರದ ಬಾಗಿಲಲ್ಲಿ ಕಪ್ಪು ಮುಖವಾಡದ ಕಾವಲಿನವನು. ಅವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ. ಯಾರಿಗೂ ಅಲ್ಲದ ಸಂಗೀತ ನಡೆದೇ ಇತ್ತು, ನೀಲಿ ಬೆಳಕು ನಿಧಾನವಾಗಿ ಬದಲಾಗುತ್ತಿತ್ತು, ಎಲ್ಲೋ ಮೇಲಿನ ಮಹಡಿಯಲ್ಲಿ ಓಡುವ ಹೆಜ್ಜೆಗಳ ಸದ್ದು ಚಾವಣಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹರಿದುಹೋಯಿತು. ಆರು ವರ್ಷದ ಹಿಂದೆ ಆ ಹೆಜ್ಜೆಗಳಲ್ಲಿ ನನ್ನವೂ ಇದ್ದವು. ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಹಬ್ಬ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅದರ ಜಗಲಿ ಕೈಯಾಲೆಯಲ್ಲಿ ಒಬ್ಬಳೇ ಕುಳಿತಾಗ ಮನೆ ತನ್ನಷ್ಟಕ್ಕೆ ಉಸಿರಾಡುವುದು ಕೇಳಿಸುತ್ತದಲ್ಲ, ಅದೇ ಬಗೆಯ ಹೊತ್ತು ಅದು.

ಮರಗಳು ಯಾವಾಗಲೋ ಜಾಗ ಬದಲಿಸಿದವು. ಪಾತ್ರಧಾರಿಗಳು ಅವುಗಳನ್ನು ನಿಧಾನವಾಗಿ ತಳ್ಳಿಕೊಂಡು ಬಂದರು. ಬಿರ್ನಮ್ ಕಾಡು ಬೆಟ್ಟವೇರಿ ಬರುವವರೆಗೆ ನಿನಗೆ ಸೋಲಿಲ್ಲವೆಂದು ಮಾಟಗಾತಿಯರು ಹೇಳಿದ್ದ ಮಾತು ಗಾಲಿಗಳ ಮೇಲೆ ಉರುಳಿ ಬಂದಂತೆ. ಅವು ಹಿಂದಿನ ಜಾಗಕ್ಕೆ ಮರಳಿದ್ದನ್ನು ಮಾತ್ರ ಅಷ್ಟು ಹೊತ್ತು ಅಲ್ಲೇ ನಿಂತಿದ್ದೂ ನಾನು ಹಿಡಿಯಲಾಗಲಿಲ್ಲ. ಬಳಿಕ ಜಗಲಿಯ ಮೇಲಿನ ಔತಣ: ಎಲ್ಲರೂ ಮೇಜಿನ ಒಂದೇ ಬದಿಗೆ ಕುಳಿತು, ನೀರೊಳಗೆ ಮುಳುಗಿದವರಂತೆ ನಿಧಾನವಾಗಿ ನಗುತ್ತಾರೆ, ಕುಡಿಯುತ್ತಾರೆ, ಮುತ್ತಿಡುತ್ತಾರೆ, ನಡುವೆ ಮ್ಯಾಕ್‌ಬೆತ್ತನಿಗೆ ಬಲಿಯಾದ ಗೆಳೆಯ, ರಕ್ತ ಸುರಿಯುವ ಬ್ಯಾಂಕೋ. ಹಿಂದೆ ಇದನ್ನು ನೋಡುವಾಗ ಮ್ಯಾಕ್‌ಬೆತ್ತನ ಭಯವೊಂದೇ ಕಂಡಿತ್ತು. ಈ ಸಲ ಬ್ಯಾಂಕೋ ಮೇಜಿಗೆ ಬಂದು ಕೂರುವಾಗ ಪಕ್ಕದವರು ಅವನಿಗೆ ಒಂದಿಂಚೂ ಜಾಗ ಮಾಡಿಕೊಡದಿರುವುದು ಕಂಡಿತು.

ಎರಡನೆಯ ಸುತ್ತಿನಲ್ಲಿ ಮೇಲಿನ ಆಸ್ಪತ್ರೆಯ ಮಹಡಿಗೆ ಹೋಗಿ ಕಾಗದಗಳನ್ನು ಓದಿದೆ, ಕಾಡಿನಲ್ಲಿ ದಾರಿ ತಪ್ಪಿದೆ, ಗುಡಿಸಲನ್ನೂ ಕಂಡೆ. ಚೆನ್ನಾಗಿತ್ತು, ಆದರೆ ಎಲ್ಲವನ್ನೂ ನೋಡುವ ಹಳೆಯ ಚಟ ಮತ್ತೆ ತಲೆಯೆತ್ತುತ್ತಿದೆ ಎನಿಸಿ ಇಳಿದು ಬಂದುಬಿಟ್ಟೆ. ಮೂರನೆಯ ಸುತ್ತಿಗೆ ಅದೇ ಗೋಡೆ. ಲೇಡಿ ಮ್ಯಾಕ್‌ಡಫ್ ಮತ್ತೆ ಅರೆ ಹೆಜ್ಜೆ ತಡವಾಗಿಯೇ ತಿರುಗಿದಳು. ಮೊದಲ ಸುತ್ತಿನಲ್ಲಿ ಅದು ಆ ನಟಿಯ ದಣಿವೋ ತಪ್ಪೋ ಎಂದುಕೊಂಡಿದ್ದೆ. ಹಾಗಲ್ಲ, ಅದನ್ನು ಅಳತೆ ಮಾಡಿ ಇಟ್ಟಿದ್ದರು. ಇಷ್ಟನ್ನು ತಿಳಿಯಲು ನನಗೆ ಎರಡು ಟಿಕೆಟ್ಟು, ಆರು ವರ್ಷ ಬೇಕಾಯಿತು. ಕೊನೆಯ ಔತಣಕ್ಕೆ ಕಟ್ಟಡದ ಎಲ್ಲ ಮುಖವಾಡಗಳೂ ತೊರೆಗಳಂತೆ ಅದೇ ಸಭಾಂಗಣಕ್ಕೆ ಹರಿದು ಬಂದವು, ಮೇಜಿನ ಮೇಲೆ ಮ್ಯಾಕ್‌ಬೆತ್ತನ ಕೊರಳಿಗೆ ಹಗ್ಗ ಬಿತ್ತು, ದೀಪವಾರಿತು. ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ.

ನಟರು ಇಷ್ಟೆಲ್ಲ ಸೂಕ್ಷ್ಮವಾಗಿ ಆಡುವುದನ್ನು ನೋಡದೆ, ಖಾಸಗಿ ಕೋಣೆಯ ಆಸೆಗೆ ಬೀಳುವ ಅಭಿಮಾನಿಗಳ ಬಗ್ಗೆ ನನಗೆ ಅಸಹನೆಯಿದೆ. ಮಗ ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾನೆ. ಇರಬಹುದು.

ಕಳೆದ ದಸರೆಯಲ್ಲಿ ನಾನೂ ಮಹದೇವಪೇಟೆಯ ಮೆಟ್ಟಿಲೊಂದನ್ನು ಹಿಡಿದು ಕುಳಿತಿದ್ದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಮಂಟಪವೊಂದು ಆಟ ಮುಗಿಸಿ ಬಂದು, ದೀಪಗಳನ್ನೆಲ್ಲ ಆರಿಸಿಕೊಂಡು ನನ್ನ ಮುಂದೆಯೇ ನಿಂತಿತು. ಜನ ಸರಿದುಹೋಗಿದ್ದರು. ರೇನ್‌ಕೋಟು ತೊಟ್ಟ ಹುಡುಗನೊಬ್ಬ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಟ್ರ್ಯಾಕ್ಟರಿನ ಮೇಲೇರಿ, ಮಲಗಿದ್ದ ರಾಕ್ಷಸನ ಎದೆಯ ಮೇಲೆ ಮಂಡಿಯೂರಿ, ಸಡಿಲವಾಗಿದ್ದ ಅವನ ಮಣಿಕಟ್ಟಿಗೆ ಬೈಂಡಿಂಗ್ ವೈರು ಸುತ್ತಿ ಇಕ್ಕಳದಿಂದ ತಿರುಚಿದ. ಕೈಯನ್ನು ಎರಡು ಸಲ ಎತ್ತಿ ಇಳಿಸಿ ನೋಡಿದ. ಆಮೇಲೆ ಕೆಳಗೆ ಹಾರಿ ಯಾರಿಗೋ ಸನ್ನೆ ಮಾಡಿದ. ಜನರೇಟರ್ ಗುಡುಗಿತು, ಕೆಂಪು ಬೆಳಕು ಹೊತ್ತಿಕೊಂಡಿತು, ರಾಕ್ಷಸ ಕತ್ತಿ ಹಿಡಿದು ಎದ್ದು ಕುಳಿತ.