ಫೈಟ್ ಸೀನ್ ಯಾರದ್ದು?

ಚಿತ್ರಕಥೆಯಲ್ಲಿ ‘ಹೊಡೆದಾಟ’ ಅಂತ ಒಂದೇ ಸಾಲಿರುತ್ತದೆ, ತೆರೆಯ ಮೇಲೆ ಅದು ಐದು ನಿಮಿಷ ಓಡುತ್ತದೆ. ಆ ಐದು ನಿಮಿಷದ ಕರ್ತೃ ಯಾರು ಎಂದು ಕೇಳಿದರೆ ನಿರ್ದೇಶಕರ ಹೆಸರೊಂದನ್ನೇ ಹೇಳಿ ಮುಗಿಸುತ್ತೇವೆ. ಕೆಲಸ ನಡೆಯುವ ಬಗೆ ನೋಡಿದರೆ ಆ ಉತ್ತರ ಸಾಲದು.

ಜಾರ್ಜ್ ಮಿಲ್ಲರ್ ಅವರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ತೆಗೆದುಕೊಳ್ಳಿ. ಅದು ಮೊದಲು ಮೂಡಿದ್ದು ಚಿತ್ರಗಳಲ್ಲಿ: ಕಲಾವಿದರ ತಂಡ ಬರೆದ ಸುಮಾರು 3,500 ಸ್ಟೋರಿಬೋರ್ಡ್ ಚೌಕಗಳು, ಅಂದರೆ ಶಾಟ್‌ಗಳನ್ನು ಮೊದಲೇ ಬರೆದಿಡುವ ಚಿತ್ರಗಳು. ನಮೀಬಿಯಾದ ಮರುಭೂಮಿಯಲ್ಲಿ ಅವನ್ನು ನಿಜವಾದ ವಾಹನ, ನಿಜವಾದ ಮನುಷ್ಯರ ಮೇಲೆ ತಂದವರು ಸಾಹಸ ಸಂಯೋಜಕ ಗೈ ನಾರಿಸ್. ಅವರೇ ಸೆಕೆಂಡ್ ಯೂನಿಟ್, ಅಂದರೆ ಮುಖ್ಯ ತಂಡದಿಂದ ಬೇರೆಯಾಗಿ ಚಿತ್ರೀಕರಿಸುವ ತಂಡದ ನಿರ್ದೇಶಕರೂ ಹೌದು. ಕ್ಯಾಮೆರಾ ಜಾನ್ ಸೀಲ್ ಅವರದು. ಕೊನೆಗೆ ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಅವರ ಮುಂದೆ ಬಂದು ಬಿದ್ದದ್ದು ಸುಮಾರು 480 ಗಂಟೆಗಳ ಫೂಟೇಜ್. ಉಳಿದದ್ದು ಎರಡು ಗಂಟೆ, ಸುಮಾರು 2,700 ಶಾಟ್‌ಗಳು. ಅಂದರೆ ಒಂದು ಶಾಟಿಗೆ ಸರಾಸರಿ ಮೂರು ಸೆಕೆಂಡೂ ಇಲ್ಲ.

ಇಷ್ಟು ವೇಗದ ಕಟಿಂಗ್‌ನಲ್ಲೂ ಯಾರು ಎಲ್ಲಿದ್ದಾರೆ ಎಂಬ ಗೊಂದಲ ಆಗುವುದಿಲ್ಲ. ಕಾರಣ, ಮಿಲ್ಲರ್ ಹಾಕಿದ್ದ ಒಂದು ನಿಯಮ: ಮುಖ್ಯವಾದದ್ದು ಫ್ರೇಮಿನ ನಡುವೆಯೇ ಇರಬೇಕು. ಒಂದು ಶಾಟಿನಲ್ಲಿ ಎಡ ಅಂಚಿನಲ್ಲಿದ್ದ ಮುಖ ಮುಂದಿನದರಲ್ಲಿ ಬಲ ಅಂಚಿಗೆ ಹೋದರೆ, ಕಣ್ಣು ಅದನ್ನು ಹುಡುಕುವಷ್ಟರಲ್ಲಿ ಆ ಶಾಟೇ ಮುಗಿದಿರುತ್ತದೆ. ನಡುವೆಯೇ ಇದ್ದರೆ ಹುಡುಕುವ ಕೆಲಸವೇ ಇಲ್ಲ. ನಿಯಮ ನಿರ್ದೇಶಕರದು, ಅದನ್ನು ಓಡುವ ಗಾಡಿಗಳ ಮಧ್ಯೆ ಕಾಪಾಡಿದ್ದು ಕ್ಯಾಮೆರಾ ತಂಡ, ಅದರಿಂದ ಲಯ ಹುಟ್ಟಿಸಿದ್ದು ಸಿಕ್ಸೆಲ್. ಅವರಿಗೆ ಬಂದ ಆಸ್ಕರ್ ನ್ಯಾಯವಾದದ್ದೇ. ನನ್ನ ಲೆಕ್ಕದಲ್ಲಿ ಆ ಚಿತ್ರದ ಅರ್ಧ ಬರವಣಿಗೆ ಸಂಕಲನದ ಮೇಜಿನ ಮೇಲೆಯೇ ಆಗಿದೆ.

ಈಗ ಇನ್ನೊಂದು ಹಂತ ಸೇರಿಕೊಂಡಿದೆ: ಸ್ಟಂಟ್‌ವಿಜ್, ಅಂದರೆ ಫೈಟಿನ ಮಾದರಿ ವಿಡಿಯೊ. ಸಾಹಸ ತಂಡವೇ ಜಿಮ್ಮಿನಲ್ಲಿ ರಟ್ಟಿನ ಡಬ್ಬಿಗಳನ್ನು ಗೋಡೆ, ಬಾಗಿಲು, ಮೇಜು ಎಂದು ಜೋಡಿಸಿ, ಇಡೀ ಫೈಟನ್ನು ಚಿತ್ರೀಕರಿಸಿ, ಎಡಿಟ್ ಮಾಡಿ, ತಾತ್ಕಾಲಿಕ ಸದ್ದು ಸೇರಿಸಿ ನಿರ್ದೇಶಕರಿಗೆ ತೋರಿಸುತ್ತದೆ. ಏಟು, ಕ್ಯಾಮೆರಾ ಕೋನ, ಕಟ್ ಎಲ್ಲವೂ ಅಲ್ಲೇ ಒಂದು ರೂಪಕ್ಕೆ ಬಂದಿರುತ್ತವೆ. ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ಅಳತೆ. ಜಿಮ್ಮಿನಲ್ಲಿ ಹದಿನೈದು ಅಡಿ ಇದ್ದ ಓಣಿ ಸೆಟ್ಟಿನಲ್ಲಿ ಹತ್ತು ಅಡಿಯಾದರೆ ಒಂದು ಉರುಳಾಟ, ಎರಡು ಹೆಜ್ಜೆ ಹೋಗುತ್ತವೆ. ಅವುಗಳ ಮೇಲೆ ನಿಂತಿದ್ದ ಮುಂದಿನ ಏಟುಗಳೂ ಹೋಗುತ್ತವೆ. ಆದ್ದರಿಂದ ಕಲಾ ನಿರ್ದೇಶಕರ ನಕ್ಷೆ ಕೈಗೆ ಬಂದ ಮೇಲೆಯೇ ಡಬ್ಬಿ ಜೋಡಿಸಬೇಕು. ಎರಡನೆಯದು ಲೆನ್ಸ್. ಮುಷ್ಟಿ ಮುಖಕ್ಕೆ ತಾಗುವುದಿಲ್ಲ, ನಡುವೆ ಅರ್ಧ ಅಡಿ ಜಾಗ ಇರುತ್ತದೆ. ದೂರದಿಂದ ಉದ್ದ ಲೆನ್ಸ್ (ಟೆಲಿಫೋಟೊ) ಹಾಕಿದರೆ ಆಳ ಕುಗ್ಗಿ ಆ ಜಾಗ ಮರೆಯಾಗುತ್ತದೆ. ಹತ್ತಿರ ಬಂದು ಅಗಲ ನೋಟದ ವೈಡ್ ಲೆನ್ಸ್ ಹಾಕಿದರೆ ಅದೇ ಜಾಗ ಎದ್ದು ಕಾಣುತ್ತದೆ. ಛಾಯಾಗ್ರಾಹಕರ ಲೆನ್ಸ್ ಆಯ್ಕೆ ಗೊತ್ತಿಲ್ಲದೆ ಮೊಬೈಲಿನಲ್ಲಿ ತೆಗೆದ ಸ್ಟಂಟ್‌ವಿಜ್ ಸೆಟ್ಟಿನಲ್ಲಿ ಸುಳ್ಳಾಗುವುದು ಹೀಗೆ.

ಹೆಸರಿನ ಲೆಕ್ಕ ಮಾತ್ರ ಹಳೆಯದೇ. ‘ಜಾನ್ ವಿಕ್’ (2014) ಚಿತ್ರವನ್ನು ಸಾಹಸ ಹಿನ್ನೆಲೆಯ ಚಾಡ್ ಸ್ಟಾಹೆಲ್ಸ್ಕಿ, ಡೇವಿಡ್ ಲೀಚ್ ಇಬ್ಬರೂ ನಿರ್ದೇಶಿಸಿದರು. ಅಮೆರಿಕದ ನಿರ್ದೇಶಕರ ಸಂಘದ ‘ಒಂದು ಚಿತ್ರಕ್ಕೆ ಒಬ್ಬ ನಿರ್ದೇಶಕ’ ನಿಯಮದಿಂದ ನಿರ್ದೇಶಕರ ಪಟ್ಟ ಸ್ಟಾಹೆಲ್ಸ್ಕಿಗೆ ಮಾತ್ರ ಸಿಕ್ಕಿತು. ಲೀಚ್ ಹೆಸರು ನಿರ್ಮಾಪಕರ ಸಾಲಿನಲ್ಲಿ. ಆಸ್ಕರ್‌ನಲ್ಲಿ ಸಾಹಸ ವಿನ್ಯಾಸಕ್ಕೆ ಪ್ರಶಸ್ತಿ ಶುರುವಾಗುವುದು 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ. ಈ ವಿಷಯದಲ್ಲಿ ನಾವು ಮುಂದಿದ್ದೇವೆ: ‘ಕೆಜಿಎಫ್: ಚಾಪ್ಟರ್ 1’ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನಕ್ಕೆ ಗೆದ್ದಿತ್ತು.

ಪ್ರಶಸ್ತಿಗಿಂತ ತುರ್ತಾಗಿ ಆಗಬೇಕಾದದ್ದು ಒಂದಿದೆ. ಶೂಟಿಂಗ್ ಮುಗಿದ ದಿನವೇ ಫೈಟ್ ಮಾಸ್ಟರ್ ಕೆಲಸ ಮುಗಿಯಿತು ಎಂದುಕೊಳ್ಳುವುದು ನಿಲ್ಲಬೇಕು. ಅವರ ಸ್ಟಂಟ್‌ವಿಜ್ ಫೈಲು ಸಂಕಲನಕಾರರ ಕೈ ಸೇರಬೇಕು, ಮೊದಲ ಕಟ್ ನೋಡುವಾಗ ಅವರೂ ಕೂತಿರಬೇಕು. ಏಟು ಬೀಳುವ ಕ್ಷಣದಲ್ಲಿ ಕಟ್ ಎರಡು ಫ್ರೇಮ್, ಅಂದರೆ ಸೆಕೆಂಡಿನ ಒಂದು ಚೂರು, ತಡವಾದರೂ ಮುಷ್ಟಿ ಗಾಳಿಯಲ್ಲಿ ಹೋದದ್ದು ಕಾಣಿಸಿಬಿಡುತ್ತದೆ, ಅದನ್ನು ಮೊದಲು ಹಿಡಿಯುವ ಕಣ್ಣು ಅವರದ್ದೇ.