ಕನ್ನಡಕವಿಲ್ಲದೆ 240 ಕಿಲೋಮೀಟರ್

ಜಗತ್ತಿನ ಅತ್ಯಂತ ವೇಗದ ರೋಲರ್ ಕೋಸ್ಟರ್ ಎಂದು ಆಗ ಹೆಸರಾಗಿದ್ದ ಫಾರ್ಮುಲಾ ರೊಸ್ಸಾವನ್ನು ನಾನು ಏರಿದ್ದು 2019ರ ಜನವರಿಯಲ್ಲಿ. ಆದರೆ ಅದನ್ನು ಸರಿಯಾಗಿ ನೋಡಿದ್ದು ಇಳಿದು ಬಂದ ಮೇಲೆ. ಏರುವ ಮುನ್ನ ಕನ್ನಡಕವನ್ನು ಕಳಚಿಟ್ಟು ಹೋಗಬೇಕಾಯಿತು. ಮೈನಸ್ ಐದೂವರೆ ಪವರಿನ ನನ್ನ ಕಣ್ಣಿಗೆ, ಕನ್ನಡಕವಿಲ್ಲದಿದ್ದರೆ, ಸ್ವಂತ ಅಂಗೈಯ ಗೆರೆ ಕಾಣಬೇಕಾದರೂ ಅದನ್ನು ಮೂಗಿನ ಹತ್ತಿರಕ್ಕೆ ತರಬೇಕು.

ದುಬೈಯಲ್ಲಿ ಕೆಲಸದಲ್ಲಿರುವ ಅಣ್ಣನ ಮನೆಗೆ ಆ ಚಳಿಗಾಲದಲ್ಲಿ ಎರಡು ವಾರದ ಮಟ್ಟಿಗೆ ಹೋಗಿದ್ದೆ. ಅಣ್ಣನ ಮಗಳಿಗೆ ಆಗ ಹನ್ನೆರಡು ವರ್ಷ. ಹಿಂದಿನ ವರ್ಷ ಅವಳು ಈ ಕೋಸ್ಟರ್ ಇರುವ ಅಬುಧಾಬಿಯ ಮನರಂಜನಾ ಪಾರ್ಕ್ ಫೆರಾರಿ ವರ್ಲ್ಡ್‌ಗೆ ಹೋಗಿ, ಎತ್ತರ ಅಳೆಯುವ ಕಂಬದ ಪಕ್ಕದಲ್ಲಿ ನಿಂತು, 140 ಸೆಂಟಿಮೀಟರಿನ ಗೆರೆಗೆ ಎರಡು ಬೆರಳಿನಷ್ಟು ಕಡಿಮೆಯಾಗಿ ವಾಪಸು ಬಂದಿದ್ದಳು. ಅಂದಿನಿಂದ ಅವಳ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ತಿಂಗಳ ಒಂದನೇ ತಾರೀಖು ಪೆನ್ಸಿಲಿನ ಒಂದೊಂದು ಗೆರೆ ಬೀಳುತ್ತ ಬಂದಿತ್ತು. ನಾನು ಹೋದಾಗ ಎಲ್ಲಕ್ಕಿಂತ ಮೇಲಿನ ಗೆರೆಯ ಪಕ್ಕದಲ್ಲಿ 143 ಎಂದು ಬರೆದು ಅದರ ಸುತ್ತ ಸೊನ್ನೆ ಸುತ್ತಲಾಗಿತ್ತು. ಅಣ್ಣನಿಗೆ ಕುತ್ತಿಗೆಯ ಎಲುಬಿನ ತೊಂದರೆ, ಅತ್ತಿಗೆಯವರೋ ಉಯ್ಯಾಲೆಯನ್ನು ಸಹ ನಂಬುವವರಲ್ಲ. ಹೀಗಾಗಿ ಜೊತೆಗೆ ಹೋಗುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ನಲವತ್ತೇಳರ ವಯಸ್ಸಿನಲ್ಲಿ ಇಂಥದ್ದಕ್ಕೆ ಯಾರೂ ಕರೆಯುವುದಿಲ್ಲ. ಕರೆದಾಗ ಇಲ್ಲವೆನ್ನುವುದು ಕಷ್ಟ.

ದುಬೈಯಿಂದ ಅಬುಧಾಬಿಯ ಯಾಸ್ ದ್ವೀಪಕ್ಕೆ ಕಾರಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚಿನ ದಾರಿ. ಹೆದ್ದಾರಿ ನೂಲು ಹಿಡಿದು ಎಳೆದಂತೆ ನೇರವಾಗಿತ್ತು, ಅಣ್ಣ 120ರಲ್ಲಿ ಓಡಿಸುತ್ತಿದ್ದ. ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ವೇಗದ ಮುಳ್ಳನ್ನು ನೋಡಿದ ಹುಡುಗಿ, "ಚಿಕ್ಕಪ್ಪ, ಸರಿಯಾಗಿ ಇದರ ಡಬಲ್" ಎಂದಳು. ನಾನು ಕಿಟಕಿಯಾಚೆ ಹಿಂದಕ್ಕೆ ಓಡುತ್ತಿದ್ದ ದೀಪದ ಕಂಬಗಳನ್ನು ನೋಡಿ, ಒಂದೊಂದು ಕಂಬದ ನಡುವೆ ಇನ್ನೊಂದು ಕಂಬವಿದ್ದಂತೆ ಕಲ್ಪಿಸಿಕೊಳ್ಳಲು ಯತ್ನಿಸಿದೆ. ಅದರಿಂದ ಏನೂ ತಿಳಿಯಲಿಲ್ಲ. ಕಾರಿನೊಳಗೆ ಕುಳಿತವನಿಗೆ 120 ಎಂಬುದೇ ಒಂದು ಅಂಕೆ, ಅಷ್ಟೆ. ಲೋಟದ ನೀರು ಕೂಡ ಅಲುಗುತ್ತಿರಲಿಲ್ಲ.

ಫೆರಾರಿ ವರ್ಲ್ಡ್ ಆರಂಭವಾದದ್ದು 2010ರ ನವೆಂಬರಿನಲ್ಲಿ. ಅದರ ಬಹುಭಾಗ ಒಂದೇ ಕೆಂಪು ಚಾವಣಿಯ ಕೆಳಗಿದೆ. ಹೊರಗೆ 45 ಡಿಗ್ರಿ ಬಿಸಿಲು ಸುಡುವ ಬೇಸಿಗೆಯಲ್ಲೂ ಜನ ಒಳಗೆ ತಂಪಾಗಿ ತಿರುಗಾಡಲಿ ಎಂಬ ಏರ್ಪಾಟು. ಫಾರ್ಮುಲಾ ರೊಸ್ಸಾ ಮಾತ್ರ ಆ ಚಾವಣಿಗೆ ಹಿಡಿಸುವಂಥದ್ದಲ್ಲ. ಎರಡು ಕಿಲೋಮೀಟರಿಗೂ ಮಿಗಿಲಾದ ಅದರ ಕೆಂಪು ಹಳಿ ಕಟ್ಟಡದಿಂದ ಹೊರಬಿದ್ದು, ಮರಳಿನ ಬಯಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿ ಮರಳಿ ಗೂಡಿಗೆ ಬರುತ್ತದೆ. ರೊಸ್ಸಾ ಎಂದರೆ ಇಟಾಲಿಯನ್ನಿನಲ್ಲಿ ಕೆಂಪು ಎಂದು ಅರ್ಥವಂತೆ. ಆ ಸ್ಥಳದಲ್ಲಿ ಕೆಂಪಲ್ಲದ್ದನ್ನು ಹುಡುಕುವುದೇ ಕಷ್ಟವಾಗಿತ್ತು.

ಸರದಿಯಲ್ಲಿ ನಾವು ಮುಕ್ಕಾಲು ಗಂಟೆ ನಿಂತೆವು. ನಾನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹೈಡ್ರಾಲಿಕ್ಸ್ ಪಾಠ ಮಾಡುವವನು, ಹಾಗಾಗಿ ಆ ಮುಕ್ಕಾಲು ಗಂಟೆ ನನಗೆ ಬೇಸರವಾಗಲಿಲ್ಲ. ಸಾಮಾನ್ಯ ರೋಲರ್ ಕೋಸ್ಟರಿನಲ್ಲಿ ಗಾಡಿಯನ್ನು ಸರಪಳಿಯಿಂದ ನಿಧಾನವಾಗಿ ಮೇಲಕ್ಕೆಳೆದು ಬಿಟ್ಟುಬಿಡುತ್ತಾರೆ, ಉಳಿದದ್ದನ್ನು ಭೂಮಿಯ ಸೆಳೆತ ನೋಡಿಕೊಳ್ಳುತ್ತದೆ. ಇಲ್ಲಿ ಸರಪಳಿಯೂ ಇಲ್ಲ, ಮೊದಲ ಏರೂ ಇಲ್ಲ. ಪಂಪುಗಳು ಎಣ್ಣೆಯನ್ನು ಒತ್ತಡ ಕೂಡಿಡುವ ಉಕ್ಕಿನ ಅಕ್ಯುಮ್ಯುಲೇಟರುಗಳೊಳಗೆ ತಳ್ಳುತ್ತ, ಅವುಗಳಲ್ಲಿರುವ ನೈಟ್ರೋಜನ್ ಅನಿಲವನ್ನು ಅದುಮುತ್ತ ಹೋಗುತ್ತವೆ. ಸಾಕಷ್ಟು ಒತ್ತಡ ಸೇರಿದ ಮೇಲೆ ಕವಾಟ ತೆರೆಯುತ್ತದೆ. ಅದುಮಿಟ್ಟ ಅನಿಲ ಎಣ್ಣೆಯನ್ನು ಒಂದೇಟಿಗೆ ಹೊರದೂಡುತ್ತದೆ. ಆ ಎಣ್ಣೆ ಮೋಟಾರುಗಳನ್ನು ತಿರುಗಿಸಿ, ಅವು ದೊಡ್ಡದೊಂದು ರಾಟೆಯನ್ನು ತಿರುಗಿಸಿ, ರಾಟೆ ಉಕ್ಕಿನ ಹಗ್ಗವನ್ನು ಸುತ್ತಿಕೊಂಡು, ಹಗ್ಗದ ತುದಿಯ ಕೊಕ್ಕೆಗೆ ಸಿಕ್ಕಿದ ಗಾಡಿಯನ್ನು ಎಳೆದು ಎಸೆಯುತ್ತದೆ. ಅಕ್ಯುಮ್ಯುಲೇಟರಿನ ಚಿತ್ರವನ್ನು ನಾನು ಇಪ್ಪತ್ತು ವರ್ಷದಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಅದರೊಳಗೆ ಕೂಡಿಟ್ಟ ಒತ್ತಡ ಒಂದು ದಿನ ನನ್ನ ಬೆನ್ನಿನ ಮೇಲೆ ಬಂದು ಬೀಳುತ್ತದೆಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ಹುಡುಗಿಗೆ ಈ ವಿವರಣೆ ಹಿಡಿಸಿತು. ಆದರೆ ನಾನು ಅಷ್ಟಕ್ಕೆ ನಿಲ್ಲಿಸದೆ ಫೋನಿನಲ್ಲಿ ಲೆಕ್ಕ ಹಾಕತೊಡಗಿದೆ. ಇದೇ ಬಗೆಯ ಎಳೆತದಿಂದ ಓಡುತ್ತಿದ್ದ, ಅಮೆರಿಕದ ನ್ಯೂಜೆರ್ಸಿಯ ಕಿಂಗ್ಡಾ ಕಾ ಎಂಬ ಕೋಸ್ಟರಿನ ಬಗ್ಗೆ ಓದಿದ್ದೆ. ಗಂಟೆಗೆ 206 ಕಿಲೋಮೀಟರ್ ವೇಗದ ಅದರ ದಾಖಲೆಯನ್ನೇ ಫಾರ್ಮುಲಾ ರೊಸ್ಸಾ ಮುರಿದದ್ದು. 139 ಮೀಟರ್ ಎತ್ತರದ ಅದರ ಗೋಪುರವನ್ನು ಹತ್ತುವಾಗ ಎಳೆತ ಕೊಂಚ ಕಡಿಮೆಯಾದರೂ ಗಾಡಿ ತುದಿ ಮುಟ್ಟದೆ ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತಿತ್ತು. ಹಾಗೆ ಜಾರಿದ್ದನ್ನು ಹಿಡಿಯಲೆಂದೇ ಹಳಿಯ ನಡುವೆ ಬ್ರೇಕುಗಳನ್ನು ಇಟ್ಟಿದ್ದರು. ಇಲ್ಲಿಯೂ ಹಾಗಾದರೆ? ಗಂಟೆಗೆ 240 ಎಂದರೆ ಸೆಕೆಂಡಿಗೆ ಸುಮಾರು 67 ಮೀಟರ್. ಗಾಳಿಯ ತಡೆ, ಚಕ್ರದ ಘರ್ಷಣೆ ಯಾವುದೂ ಇಲ್ಲವೆಂದು ಹಿಡಿದರೆ ಆ ವೇಗದಲ್ಲಿ ಗಾಡಿ 220 ಮೀಟರಿಗಿಂತ ಎತ್ತರ ಏರಬಲ್ಲದು. ಇಲ್ಲಿನ ಮೊದಲ ದಿಬ್ಬ ಬರೀ 52 ಮೀಟರ್. ಜಾರುವ ಪ್ರಶ್ನೆಯೇ ಇಲ್ಲವೆಂದು ನಾನು ನೆಮ್ಮದಿಯಿಂದ ಹೇಳಿದಾಗ ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಹೆದರಿಕೆ ಆದ್ರೆ ನೀವು ಲೆಕ್ಕ ಮಾಡ್ತೀರಿ ಅಲ್ವಾ ಚಿಕ್ಕಪ್ಪ? ಅಪ್ಪನೂ ಹೀಗೇ" ಎಂದಳು.

ಕನ್ನಡಕದ ವಿಷಯ ಬಂದದ್ದು ಆಮೇಲೆ. ಈ ಕೋಸ್ಟರಿನಲ್ಲಿ ಕೂರುವ ಪ್ರತಿಯೊಬ್ಬರೂ ರಕ್ಷಣೆಯ ಗಾಗಲ್ಸ್ ಹಾಕಿಕೊಳ್ಳಲೇಬೇಕು. ಸೆಕೆಂಡಿಗೆ 67 ಮೀಟರ್ ಹೋಗುವವನ ಕಣ್ಣಿಗೆ ಮರಳಿನ ಕಣವೂ ಕಲ್ಲೇ, ನೊಣವೂ ಕಲ್ಲೇ. ಕೊಟ್ಟ ಗಾಗಲ್ಸನ್ನು ಕನ್ನಡಕದ ಮೇಲೆ ಒತ್ತಿ ನೋಡಿದೆ. ಅದು ಕೆನ್ನೆಗೆ ಕೂರಲಿಲ್ಲ, ಎರಡೂ ಪಕ್ಕ ಬೆರಳು ತೂರುವಷ್ಟು ಸಂದು ಉಳಿಯಿತು. ಅಲ್ಲಿದ್ದ ಫಿಲಿಪ್ಪೀನ್ಸ್‌ನ ಯುವತಿ ವಿನಯದಿಂದಲೇ, ಎರಡನೇ ಮಾತಿಗೆ ಎಡೆಯಿಲ್ಲದ ಹಾಗೆ, ಲಾಕರುಗಳ ಕಡೆ ಕೈ ತೋರಿಸಿದಳು. ಕನ್ನಡಕ ಇಟ್ಟು ತಿರುಗಿದಾಗ ಕೆಂಪು ಗಾಡಿ, ಕೆಂಪು ಹಳಿ, ಜನರ ಬಟ್ಟೆ ಎಲ್ಲವೂ ನೀರಿಗೆ ಬಿದ್ದ ಬಣ್ಣದಂತೆ ಒಂದರೊಳಗೊಂದು ಹರಡಿಕೊಂಡಿದ್ದವು. ಹುಡುಗಿ ನನ್ನ ಮೊಣಕೈ ಹಿಡಿದು, ಅಜ್ಜನನ್ನು ದಾಟಿಸುವವಳಂತೆ ಸೀಟಿನವರೆಗೆ ಕರೆದೊಯ್ದಳು.

ಫಾರ್ಮುಲಾ ಒನ್ ಕಾರಿನ ಮೂತಿಯಿರುವ ಆ ಗಾಡಿಯಲ್ಲಿ ಇಬ್ಬಿಬ್ಬರಂತೆ ಹದಿನಾರು ಜನ. ನಮಗೆ ಸಿಕ್ಕಿದ್ದು ಮೂರನೇ ಸಾಲು. ತೊಡೆಯ ಮೇಲೆ ಬಂದು ಕುಳಿತ ಕಂಬಿಯನ್ನು ಒಬ್ಬಾತ ಎಳೆದೂ ಒತ್ತಿಯೂ ಪರೀಕ್ಷಿಸಿದ. ಗಾಡಿ ನಿಧಾನವಾಗಿ ಮುಂದೆ ಸರಿದು ನಿಂತಿತು. ಕೆಳಗೆಲ್ಲೋ ಲೋಹಕ್ಕೆ ಲೋಹ ತಗುಲಿದ 'ಟಕ್' ಎಂಬ ಸದ್ದು ಕೇಳಿಸಿತು. ಕೊಕ್ಕೆ ಸಿಕ್ಕಿಕೊಂಡಿತೆಂದು ನನ್ನಷ್ಟಕ್ಕೇ ಅಂದುಕೊಂಡೆ. ಕಣ್ಣು ಕೈಕೊಟ್ಟಿದ್ದರಿಂದ ಇರಬೇಕು, ಕಿವಿ ಅಂದು ಅತಿ ಚುರುಕಾಗಿತ್ತು: ಹಿಂದಿನ ಸಾಲಿನಲ್ಲಿ ಯಾರೋ ಅರಬ್ಬಿಯಲ್ಲಿ ಪಿಸುಗುಟ್ಟುತ್ತಿದ್ದ ಪ್ರಾರ್ಥನೆ, ಪಕ್ಕದಲ್ಲಿ ಹುಡುಗಿ ಮೂಗಿನಿಂದ ಎಳೆದುಕೊಂಡ ಉಸಿರು.

ಆಮೇಲೆ ನಡೆದದ್ದಕ್ಕೆ ಐದು ಸೆಕೆಂಡು ಹಿಡಿಯಲಿಲ್ಲ. ಸೊನ್ನೆಯಿಂದ 240ಕ್ಕೆ 4.9 ಸೆಕೆಂಡು. ಈ ಅಂಕೆ ನನಗೆ ಬಾಯಿಪಾಠವಾಗಿತ್ತು, ಅಂದರೆ ಸರಾಸರಿಯಾಗಿ ನಮ್ಮ ತೂಕಕ್ಕಿಂತ ಹೆಚ್ಚಿನ ಬಲವೇ ಬೆನ್ನ ಹಿಂದಿನಿಂದ ನಮ್ಮನ್ನು ದೂಡುತ್ತದೆಂದೂ ಗೊತ್ತಿತ್ತು. ಗೊತ್ತಿದ್ದದ್ದು ಏನೇನೂ ಉಪಯೋಗಕ್ಕೆ ಬರಲಿಲ್ಲ. ಸೀಟು ನನ್ನ ಬೆನ್ನಿಗೆ ಗುದ್ದಲಿಲ್ಲ. ಒತ್ತಿತು, ಒತ್ತುತ್ತಲೇ ಹೋಯಿತು, ಇಷ್ಟು ಸಾಕೆನ್ನಿಸಿದ ಮೇಲೂ ಮತ್ತಷ್ಟು ಒತ್ತಿತು. ಕೂಗಬೇಕೆಂದು ಬಾಯಿ ತೆರೆದವನಿಗೆ ಗಾಳಿ ಬಾಯೊಳಗೇ ನುಗ್ಗಿ ಕೂಗನ್ನು ಹಿಂದಕ್ಕೆ ತಳ್ಳಿತು. ಕೆನ್ನೆಯ ಮಾಂಸ ಕಿವಿಯತ್ತ ಸರಿದು ಪಟಪಟನೆ ಬಡಿಯತೊಡಗಿತು. ನೆರಳಿನಿಂದ ಬಿಸಿಲಿಗೆ ಬಂದದ್ದು ಮಾತ್ರ ಕಣ್ಣಿಗೆ ತಿಳಿಯಿತು, ಎದುರಿನ ಮಬ್ಬು ಕಂದು ಬಣ್ಣ ಒಮ್ಮೆಲೇ ಬಿಳಿಯಾಯಿತು.

ನಂತರ ಆ ಒತ್ತಡ ಇದ್ದಕ್ಕಿದ್ದಂತೆ ನಿಂತುಹೋಯಿತು. ಇಡೀ ಸವಾರಿಯಲ್ಲಿ ಅತ್ಯಂತ ವಿಚಿತ್ರವೆನಿಸಿದ ಕ್ಷಣ ಅದೇ. ಎಳೆತ ಮುಗಿದ ಆ ಗಳಿಗೆಯಲ್ಲಿ ನಾವು ಅತ್ಯಂತ ವೇಗದಲ್ಲಿದ್ದೆವು, ನನಗಾದರೋ ಗಾಡಿ ನಿಂತೇಬಿಟ್ಟಿತೇನೋ ಅನ್ನಿಸಿತು. ಕಣ್ಣಿದ್ದವರಿಗೆ ಹಳಿಯ ಕಂಬಗಳು ಹಿಂದಕ್ಕೆ ಹಾರುವುದು ಕಂಡಿದ್ದೀತು. ನನಗೆ ಉಳಿದದ್ದು ಗಾಳಿ ಒಂದೇ. ದೇಹಕ್ಕೆ ವೇಗ ತಿಳಿಯುವುದಿಲ್ಲ, ವೇಗದ ಬದಲಾವಣೆ ಮಾತ್ರ ತಿಳಿಯುತ್ತದೆ ಎಂಬುದನ್ನು ಎಷ್ಟೋ ತಂಡದ ವಿದ್ಯಾರ್ಥಿಗಳಿಗೆ ಹೇಳಿದ್ದೆ; ಅಂದು ಮೊದಲ ಬಾರಿ ಅದು ಹೊಟ್ಟೆಗೆ ಇಳಿಯಿತು. ದಿಬ್ಬ ಬಂದಾಗ ಮೈ ಸೀಟಿಗೆ ಅಂಟಿತು, ನೆತ್ತಿ ದಾಟುವಾಗ ಹಗುರಾಗಿ ಕಂಬಿಗೆ ತೊಡೆ ತಗುಲಿತು. ಬಹಳ ಹೊತ್ತು, ಅಥವಾ ಹಾಗೆನ್ನಿಸುವಷ್ಟು ಹೊತ್ತು, ನಾನು ಎಲ್ಲಿಯೂ ಕೂತಿರಲಿಲ್ಲ. ಎಲ್ಲಿ ತಿರುವು, ಎಲ್ಲಿ ಇಳಿತ ಎಂಬುದು ಮುಂಚೆಯೇ ಕಾಣದ ನನಗೆ ಪ್ರತಿಯೊಂದೂ ಹೇಳದೆ ಬಂದ ನೆಂಟನ ಹಾಗೆ ಬಂತು. ಒಂದು ತಿರುವಿನಲ್ಲಿ ತಲೆ ಎದೆಯತ್ತ ಬಗ್ಗಿದ್ದನ್ನು ಎತ್ತಲು ಆಗಲಿಲ್ಲ. ಅಣ್ಣ ಬರದಿದ್ದುದೇ ಒಳ್ಳೆಯದಾಯಿತೆಂದು ಅಲ್ಲಿಯೂ ನೆನಪಾಯಿತು.

ಒಂದೂವರೆ ನಿಮಿಷದಲ್ಲಿ ಎಲ್ಲವೂ ಮುಗಿದಿತ್ತು. ನಿಲ್ಲಿಸುವುದು ಅಯಸ್ಕಾಂತದ ಬ್ರೇಕುಗಳ ಕೆಲಸ. ಲೋಹದ ಪಟ್ಟಿ ಅಯಸ್ಕಾಂತಗಳ ನಡುವೆ, ಯಾವುದಕ್ಕೂ ತಾಗದೆ ಹಾದುಹೋಗುವಾಗ ಅದರಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಗಾಡಿಯನ್ನು ತಡೆಯುತ್ತದೆ. ಕಿರ್ರೆನ್ನುವ ಸದ್ದಿಲ್ಲ, ಸುಟ್ಟ ವಾಸನೆಯಿಲ್ಲ. ಎದೆ ಮುಂದಕ್ಕೆ ಬಾಗಿ ಕಂಬಿಗೆ ಜೋತುಬಿದ್ದಂತಾಯಿತು, ಅಷ್ಟೆ.

ಕನ್ನಡಕ ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಾಗ ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು. ಹಲ್ಲಿನ ನಡುವೆ ಏನೋ ಕರಕರ ಎಂದಿತು. ನಾಲಿಗೆಯಿಂದ ಹೊರತೆಗೆದು ಬೆರಳ ತುದಿಯಲ್ಲಿಟ್ಟು ನೋಡಿದೆ. ಒಂದೇ ಒಂದು ಮರಳಿನ ಕಣ. ಗಾಗಲ್ಸ್ ಯಾಕೆಂದು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಪಕ್ಕದಲ್ಲಿ ಹುಡುಗಿ ತಾನು ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು: ದಿಬ್ಬದ ಮೇಲಿಂದ ಇಡೀ ಕೆಂಪು ಚಾವಣಿ ಒಮ್ಮೆ ಕಂಡದ್ದು, ಹಳಿಯ ಪಕ್ಕದ ಮರಳಿನ ಮೇಲೆ ನಮ್ಮದೇ ಗಾಡಿಯ ನೆರಳು ನಮ್ಮ ಜೊತೆ ಓಡಿದ್ದು, ಮುಂದಿನ ಸಾಲಿನವನ ಅಂಗಿ ಬಲೂನಿನ ಹಾಗೆ ಉಬ್ಬಿದ್ದು. ಇದರಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ. ಆಗ ಮುಂದಿನ ಗಾಡಿ ಬಿಟ್ಟಿತು. ಅದು ದಿಬ್ಬ ಏರಿ ಮರೆಯಾಗುವವರೆಗೂ ಕತ್ತು ತಿರುಗಿಸುತ್ತ ನೋಡಿದೆ. ನಾನೇ ಹೋಗಿ ಬಂದ ದಾರಿಯನ್ನು ಬೇರೆಯವರ ಸವಾರಿಯಲ್ಲಿ ನೋಡಿಕೊಂಡೆ. ನಿಜ ಹೇಳಬೇಕೆಂದರೆ, ಹೆದರಿಕೆ ಆಗ ಹೆಚ್ಚಾಯಿತು.

ದಿರ್ಹಮ್ ತೆತ್ತು ತಂದ ನಮ್ಮ ಸವಾರಿಯ ಫೋಟೊ ಈಗಲೂ ಅಣ್ಣನ ಮನೆಯ ಫ್ರಿಜ್ಜಿನ ಬಾಗಿಲ ಮೇಲಿದೆ. ಅದರಲ್ಲಿ ಹುಡುಗಿ ಎರಡೂ ಕೈ ಮೇಲೆತ್ತಿ ನಗುತ್ತಿದ್ದಾಳೆ. ನಾನು ಬಾಯಿ ತೆರೆದು, ಗಾಗಲ್ಸಿನೊಳಗೆ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದೇನೆ. ಕನ್ನಡಕವಿದ್ದಿದ್ದರೂ ಏನು ಕಾಣುತ್ತಿತ್ತು ಎಂದು ಅತ್ತಿಗೆಯವರು ಇಂದಿಗೂ ಕೇಳುತ್ತಾರೆ.

ಅತ್ಯಂತ ವೇಗದ ಕೋಸ್ಟರ್ ಎಂಬ ದಾಖಲೆ ಈಗ ಫಾರ್ಮುಲಾ ರೊಸ್ಸಾದ್ದಲ್ಲ. ಕಿಂಗ್ಡಾ ಕಾದ ಗೋಪುರವನ್ನು 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ಅದೇ ವರ್ಷದ ಕೊನೆಯ ದಿನ ಸೌದಿ ಅರೇಬಿಯಾದ ರಿಯಾದ್ ಬಳಿಯ ಕಿದ್ದಿಯಾದಲ್ಲಿ ಫಾಲ್ಕನ್ಸ್ ಫ್ಲೈಟ್ ಎಂಬ ಕೋಸ್ಟರ್ ಜನರಿಗೆ ತೆರೆದುಕೊಂಡಿತು. ಅದರ ವೇಗ ಗಂಟೆಗೆ 250 ಕಿಲೋಮೀಟರ್. ಸುದ್ದಿ ಓದಿದ ನಾನು, ಆ ವೇಗಕ್ಕೆ ಎಷ್ಟು ಎತ್ತರ ಏರಬಹುದೆಂದು ಲೆಕ್ಕ ಹಾಕಿ ಅಣ್ಣನ ಮಗಳಿಗೆ ಕಳುಹಿಸಿದೆ. ಅವಳೀಗ ಕಾಲೇಜು ಹುಡುಗಿ. ಉತ್ತರ ಬಂದದ್ದು ರಾತ್ರಿ: "ಲೆಕ್ಕ ಶುರು ಮಾಡಿದ್ರಾ ಚಿಕ್ಕಪ್ಪ? ಈ ಸಲ ಲೆನ್ಸ್ ಹಾಕ್ಕೊಂಡು ಬನ್ನಿ."